ಅವ್ವನ ಜೊತೆ 79 ಎಪಿಸೋಡ್: ಹಳೆಯ ಸ್ಟಾರ್ ಟ್ರೆಕ್‌ಗೆ ಹೊಸ ಮಾರ್ಕ್ಸ್ ಕೊಟ್ಟ ನನ್ನ ಅನುಭವ

ಹೋದ ತಿಂಗಳು, ಬಾಹ್ಯಾಕಾಶ ಹಡಗಿನ ಕಥೆಯ ಹಳೆಯ ಅಮೆರಿಕನ್ ಟಿವಿ ಸರಣಿ, ಮೂಲ ಸ್ಟಾರ್ ಟ್ರೆಕ್‌ನ ಕೊನೆಯ ಎಪಿಸೋಡ್ ಮುಗಿಸಿದೆ. ಒಟ್ಟು 79. ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಪ್ರತಿಯೊಂದನ್ನೂ ಮತ್ತೆ ನೋಡಿ ಹೊಸ ಮಾರ್ಕ್ಸ್ ಕೊಡೋಕೆ ಶುರು ಮಾಡಿದಾಗ ಧಾರವಾಡದ ಗೆಳೆಯರು ಹತ್ತು ವಾರಾನೂ ನಡೆಯಲ್ಲ ಅಂದಿದ್ದರು. ನಡೆಯಿತು. ಅವರಲ್ಲೇ ಇಬ್ಬರು ಈಗ ಇದೇ ರೀತಿ ಮಾಡ್ತಿದ್ದಾರೆ. ಅದಕ್ಕೇ ಬರೀತಿದ್ದೇನೆ.

ಹಡಗಿನ ಕ್ಯಾಪ್ಟನ್ ಕರ್ಕ್, ಅವನ ಜೊತೆಗಾರ ಉದ್ದ ಕಿವಿಯ ಸ್ಪಾಕ್, ಇದಕ್ಕಿಂತ ಹೆಚ್ಚು ಇಲ್ಲಿ ಹೇಳಲ್ಲ. ನೀವೆಲ್ಲ ನೋಡಿದವರೇ. ನನ್ನ ತೊಂದರೆ ಬೇರೆ ಇತ್ತು. ನಾನು ಇದನ್ನ ಮೊದಲು ನೋಡಿದ್ದು ಎಂಬತ್ತರ ದಶಕದಲ್ಲಿ, ಬೆಟಗೇರಿಯಲ್ಲಿ ಪಕ್ಕದ ಮನೆಯವರ ಪಡಸಾಲೆಯಲ್ಲಿ ಕೂತು, ದೂರದರ್ಶನದಲ್ಲಿ, ರವಿವಾರ ಮುಂಜಾನೆ. ಯಾವ ಎಪಿಸೋಡ್ ಚಲೋ, ಯಾವುದು ಕೆಟ್ಟದ್ದು ಅನ್ನೋ ನನ್ನ ಲೆಕ್ಕ ಆ ನಾಲ್ಕನೇ ಕ್ಲಾಸಿನ ಹುಡುಗನದ್ದು. ದೊಡ್ಡವನಾದ ಮೇಲೆ ಅದರ ಮೇಲೆ ಊರವರ ಲೆಕ್ಕ ಬಂದು ಕೂತಿತು. 'ಸ್ಪಾಕ್ಸ್ ಬ್ರೇನ್' ಅಂದ್ರೆ ಎಲ್ಲರೂ ಮೂಗು ಮುರೀತಾರೆ, ನಾನೂ ಮುರೀತಿದ್ದೆ. 'ದ ಸಿಟಿ ಆನ್ ದ ಎಡ್ಜ್ ಆಫ್ ಫಾರೆವರ್' ಅಂದ್ರೆ ಎಲ್ಲರೂ ಕೈ ಮುಗೀತಾರೆ, ನಾನೂ ಮುಗೀತಿದ್ದೆ. ನಾನೇ ನೋಡಿ, ನಾನೇ ತೂಗಿ ಕೊಟ್ಟ ಮಾರ್ಕ್ಸ್ ಒಂದೂ ಇರಲಿಲ್ಲ.

ಮೊದಲು ಮೂರು ಸಲ ಸೋತೆ. ಅದನ್ನ ಹೇಳಲೇಬೇಕು, ಯಾಕಂದ್ರೆ ನೀವೂ ಅದೇ ಹಾದಿ ಹಿಡಿಯೋರು.

ಮೊದಲನೆಯದು, ದೀಪಾವಳಿ ರಜೆಯಲ್ಲಿ ಎರಡು ದಿನಕ್ಕೆ ಹನ್ನೊಂದು ಎಪಿಸೋಡ್. ಮೂರನೆಯದು ಮುಗಿಯೋ ಹೊತ್ತಿಗೆ ಎಲ್ಲ ಒಂದೇ ಆಗಿಬಿಟ್ಟವು. ಅದೇ ಥರ್ಮಾಕೋಲಿನಂಥ ಬಂಡೆ, ಅದೇ ಸಂಗೀತ, ಅದೇ ಕೆಂಪು ಅಂಗಿ ತೊಟ್ಟ ಹಡಗಿನ ಸಿಬ್ಬಂದಿಯವನ ಸಾವು. ವಾರಕ್ಕೊಂದರಂತೆ ತೋರಿಸಲು ಮಾಡಿದ್ದನ್ನ ಒಂದರ ಮೇಲೊಂದು ನೋಡಿದರೆ ಅದರ ತಪ್ಪು ಅಲ್ಲದ್ದೂ ತಪ್ಪಾಗಿ ಕಾಣುತ್ತದೆ.

ಎರಡನೆಯದಕ್ಕೆ ರೊಕ್ಕ ಜಾಸ್ತಿ ಹೋಯಿತು. ಗೆಳೆಯನ ಮಾಳಿಗೆ ಮೇಲೆ ನಾಲ್ಕು ಜನ ಕೂಡಿ ನೋಡೋದು ಅಂತಾಯಿತು. ಸುಮಾರು 6,500 ಕೊಟ್ಟು ಸಣ್ಣ ಪ್ರೊಜೆಕ್ಟರ್ ತರಿಸಿದೆ. ಕತ್ತಲ ದೃಶ್ಯ ಬಂದರೆ ಬರೀ ಬೂದಿ ಬಣ್ಣ. ಮೇಲೆ ಧಾರವಾಡದ ಮಳೆ. ಆದರೆ ಸೋತದ್ದು ಅದಕ್ಕಲ್ಲ. ನಾಲ್ವರಿಗೂ ಮಾತು ಬಾಯಿಪಾಠ. ಬರೋ ಮಾತನ್ನ ಮೊದಲೇ ಹೇಳಿ ನಗೋದು. ಹಳೆಯ ಗೆಳೆಯನನ್ನ ಭೆಟ್ಟಿಯಾದಂತೆ ಸಂತೋಷ ಆಗ್ತಿತ್ತು, ಅಷ್ಟೇ. ಮಾರ್ಕ್ಸ್ ಒಂದೂ ಬದಲಾಗಲಿಲ್ಲ.

ಮೂರನೆಯದು ಒಬ್ಬನೇ, ವಹಿ ಹಿಡಿದುಕೊಂಡು. ಇದು ಸ್ವಲ್ಪ ನಡೀತಿತ್ತು. ಹನ್ನೆರಡೋ ಹದಿಮೂರೋ ಆದ ಮೇಲೆ ಹಾರ್ಡ್ ಡಿಸ್ಕ್ ಹೋಯಿತು. ಹುಬ್ಬಳ್ಳಿಯಲ್ಲಿ ಒಬ್ಬರು ಡೇಟಾ ತೆಗೆದುಕೊಡಲು ಎಂಟು ಸಾವಿರ ಹೇಳಿದರು. ಬಿಟ್ಟುಬಿಟ್ಟೆ. ಒಟಿಟಿಗೆ ವರ್ಷದ ಚಂದಾ ಕಟ್ಟಿದೆ, ಅಲ್ಲಿ ಒಂದು ದಿನ ಇದ್ದದ್ದು ಇನ್ನೊಂದು ದಿನ ಇರಲಿಲ್ಲ. ಕೊನೆಗೆ ಡಿವಿಡಿ ಸೆಟ್ಟನ್ನೇ ಹಳೆಯದು ಹುಡುಕಿ ಕೊಂಡೆ. ನಾಲ್ಕೂವರೆ ಸಾವಿರದ ಆಸುಪಾಸು. ನನ್ನ ಮಟ್ಟಿಗೆ ಇದೊಂದೇ ದುಡ್ಡು ಹಣ್ಣಾದದ್ದು. ಉಳಿದದ್ದೆಲ್ಲ ಸೇರಿದರೆ ಹದಿನೈದು ಸಾವಿರ ಸುಮ್ನೆ ಹೋಗಿದೆ.

ದಾರಿ ಸಿಕ್ಕದ್ದು ಅಚಾನಕ್. ಒಂದು ರವಿವಾರ ಸಂಜೆ ನಾನು ಡಿವಿಡಿ ಹಾಕಿದ್ದೆ. ಅವ್ವ ಪಡಸಾಲೆಯಲ್ಲಿ ಅವರೆಕಾಯಿ ಸುಲೀತಿದ್ದಳು. ಅವ್ವನಿಗೆ ಇಂಗ್ಲಿಷ್ ಬರಲ್ಲ. ಟಿವಿ ಕಡೆ ನೋಡಿ ಕೇಳಿದಳು: "ತಮ್ಮಾ, ಆ ಉದ್ದ ಕಿವಿಯಂವ ಯಾಕ ಹಂಗ ಕಣ್ಣ ಮುಚ್ಚಿ ನಿಂತಾನ?" ನಾನು ನಿಲ್ಲಿಸಿ ಹೇಳಿದೆ. ಹೇಳುವಾಗಲೇ ಗೊತ್ತಾಯಿತು, ಆ ದೃಶ್ಯಕ್ಕೆ ಕಾರಣ ಏನು ಅಂತ ನನಗೇ ಸರಿಯಾಗಿ ತಿಳಿದಿರಲಿಲ್ಲ. ನಲವತ್ತು ವರ್ಷದಿಂದ ನೋಡ್ತಿದ್ದೇನೆ, ಒಂದು ಸಲಾನೂ ಕೇಳಿಕೊಂಡಿರಲಿಲ್ಲ.

ಅಲ್ಲಿಂದ ಪದ್ಧತಿ ಆಯಿತು. ವಾರಕ್ಕೆ ಒಂದೇ ಎಪಿಸೋಡ್. ನೋಡುವ ಮೊದಲು ವಹಿಯಲ್ಲಿ ನೆನಪಿನಿಂದ ಕಥೆ ನಾಲ್ಕು ಸಾಲು, ಹತ್ತಕ್ಕೆ ಎಷ್ಟು ಮಾರ್ಕ್ಸ್ ಅಂತ ಬರೆದು, ಹಾಳೆ ಮಡಚಿ ಟಾಚಣಿ ಹಾಕುವುದು. ಆಮೇಲೆ ಅವ್ವನಿಗೆ ಕನ್ನಡದಲ್ಲಿ ಹೇಳ್ತಾ ನೋಡುವುದು. ವಿಜ್ಞಾನದ ಮಾತು ಬಂದರೆ ಎರಡು ವಾಕ್ಯಕ್ಕಿಂತ ಹೆಚ್ಚು ವಿವರಿಸಬಾರದು. ಎರಡರಲ್ಲಿ ಆಗದಿದ್ದರೆ ತಪ್ಪು ಕಥೆಯದ್ದು, ಅವ್ವನದ್ದಲ್ಲ. ಅವಳು "ಮುಂದ?" ಅಂದರೆ ಒಂದು ಗೆರೆ. "ಯಾಕ?" ಅಂದರೆ ಇನ್ನೊಂದು ಕಡೆ ಗೆರೆ. ರೊಟ್ಟಿ ಬಡಿಯಲು ಎದ್ದು ಹೋದರೆ ಎಷ್ಟನೇ ನಿಮಿಷ ಅಂತ ಬರೆಯುವುದು. ಹೊಸ ಮಾರ್ಕ್ಸ್ ಕೊಟ್ಟು ಮಲಗುವುದು. ಟಾಚಣಿ ತೆಗೆಯುವುದು ಸೋಮವಾರ. ಅದೇ ರಾತ್ರಿ ತೆಗೆದರೆ ಕೈ ಹಳೆಯ ಮಾರ್ಕ್ಸ್ ಕಡೆಗೇ ಎಳೆಯುತ್ತದೆ. ಮೂರು ಸಲ ಮಾಡಿ ನೋಡಿದ್ದೇನೆ.

"ಮುಂದ" ಮತ್ತು "ಯಾಕ" ಗೆರೆಗಳಿಂದ ಮಾರ್ಕ್ಸ್ ಹೇಗೆ ತೆಗೀತೀನಿ ಅನ್ನೋದನ್ನ ಬರೆಯಲ್ಲ. ಅದನ್ನ ಕೂಡಿಸಲು ನನಗೆ ಐದು ತಿಂಗಳು ಹಿಡಿದಿದೆ. ನಿಮ್ಮ ಮನೆಯವರ ಮಾತಿನ ರೀತಿಗೆ ನಿಮ್ಮದೇ ಲೆಕ್ಕ ಕಟ್ಟಿಕೊಳ್ಳಿ, ಅದು ಇನ್ನೂ ಚಲೋ.

ಮೊದಲೇ ಕನ್ನಡದಲ್ಲಿ ಬರೆದಿಟ್ಟುಕೊಂಡು ಓದೋದು ಬೇಡ. ನಾನು ಒಂದಕ್ಕೆ ಮೂರು ವಾರ ಕೂತು ಪೂರ್ತಿ ಬರೆದೆ. ಅವ್ವ ಹತ್ತೇ ನಿಮಿಷಕ್ಕೆ ಒಳಗೆ ಹೋದಳು. ಆಗಿಂದಾಗ ಹೇಳಿದರೇನೇ ಕಥೆಗೆ ಜೀವ ಇದೆಯೋ ಇಲ್ಲವೋ ಗೊತ್ತಾಗೋದು.

ಕ್ರಮ ಕೂಡ ಮುಖ್ಯ. ಪ್ರಸಾರದ ಕ್ರಮ ಬಿಡಿ, ತಯಾರಾದ ಕ್ರಮದಲ್ಲಿ ನೋಡಿ. 1966ರ ಸೆಪ್ಟೆಂಬರಿನಲ್ಲಿ ಮೊದಲು ತೋರಿಸಿದ್ದು 'ದ ಮ್ಯಾನ್ ಟ್ರ್ಯಾಪ್'. ಅದು ಮೊದಲು ಮಾಡಿದ್ದಲ್ಲ. ಎರಡನೇ ಪೈಲಟ್, ಅಂದ್ರೆ ಸರಣಿಗೆ ಮೊದಲು ಮಾದರಿಗೆ ಅಂತ ಮಾಡಿದ ಎಪಿಸೋಡ್, ಪ್ರಸಾರದಲ್ಲಿ ಮೂರನೆಯದಾಗಿ ಬಂತು. ಅದರಲ್ಲಿ ಅಂಗಿ ಬೇರೆ, ಡಾಕ್ಟರೇ ಬೇರೆ. ಪ್ರಸಾರದ ಕ್ರಮ ಹಿಡಿದಿದ್ದರೆ ಅವ್ವ ಮೂರನೇ ವಾರವೇ "ಹೋದ ವಾರದ ಡಾಕ್ಟರ ಎಲ್ಲಿ ಹೋದ?" ಅಂತಿದ್ದಳು.

ಈಗ ಒಂದು ಎಪಿಸೋಡಿನ ಬಗ್ಗೆ ಬಿಡಿಸಿ ಹೇಳ್ತೀನಿ. 'ದ ಡೆವಿಲ್ ಇನ್ ದ ಡಾರ್ಕ್', 1967ರ ಮಾರ್ಚ್‌ನಲ್ಲಿ ಬಂದದ್ದು. ಗಣಿ ಕೆಲಸದವರನ್ನ ಕತ್ತಲಲ್ಲಿ ಏನೋ ಒಂದು ಸುಟ್ಟು ಕೊಲ್ಲುತ್ತಿದೆ. ನನ್ನ ಮಡಚಿದ ಹಾಳೆಯಲ್ಲಿ 6 ಇತ್ತು. ಕಾರಣ: "ರಾಕ್ಷಸ ಅಂದ್ರೆ ನೆಲದ ಮೇಲೆ ತೆವಳೋ ಕೌದಿ." ಚಿಕ್ಕವನಿದ್ದಾಗ ಅದನ್ನ ನೋಡಿ ಹೆದರಿದ್ದೆ, ದೊಡ್ಡವನಾಗಿ ನಕ್ಕಿದ್ದೆ.

ಅವ್ವನ ತವರು ಡೋಣಿ. ಕಪ್ಪತಗುಡ್ಡದ ಬುಡದ ಊರು. ಆ ಸೀಮೆಯಲ್ಲಿ ಇಂಗ್ಲಿಷರ ಕಾಲದಲ್ಲಿ ಚಿನ್ನಕ್ಕಾಗಿ ಅಗೆದಿದ್ದರು. ಚಿಕ್ಕವಳಿದ್ದಾಗ ಆ ಹಳೆಯ ಗುಂಡಿಗಳ ಕಡೆ ಹೋಗಬೇಡ ಅಂತ ಹಿರಿಯರು ಹೆದರಿಸ್ತಿದ್ದರಂತೆ. ಗಣಿ ಅಂದ ಕೂಡಲೇ ಅವ್ವ ಅವರೆಕಾಯಿ ಬುಟ್ಟಿ ಪಕ್ಕಕ್ಕಿಟ್ಟು ನೆಟ್ಟಗೆ ಕೂತಳು. ಗಣಿಯವರ ಮೇಜಿನ ಮೇಲೆ ಒಂದು ದುಂಡನೆಯ ಕಲ್ಲು ಕಾಣುತ್ತದೆ. ಕೆಳಗಿನ ಸುರಂಗದಲ್ಲಿ ಇಂಥವು ಸಾವಿರಾರು ಸಿಕ್ಕಿವೆ, ಬೆಲೆ ಇಲ್ಲ ಅಂತಾನೆ ಮುಖ್ಯಸ್ಥ. ನಾನು ಅಷ್ಟನ್ನೇ ಹೇಳಿದೆ. ಅವ್ವ ಟಿವಿಯಿಂದ ಕಣ್ಣು ತೆಗೆಯದೆ ಅಂದಳು: "ಅವು ಕಲ್ಲಲ್ಲೋ ತಮ್ಮಾ. ತತ್ತಿ. ತತ್ತಿ ಒಡದ್ರ ಯಾವ ತಾಯಿ ಸುಮ್ನ ಇರತಾಳ?"

ಕಥೆಯ ಗಂಟು ಅದೇ. ಅದು ಬಿಚ್ಚೋದು ಬಹಳ ಹೊತ್ತಿನ ಮೇಲೆ. ಹೋರ್ಟಾ ಅನ್ನೋ ಆ ಪ್ರಾಣಿ ತನ್ನ ಕುಲದ ಕೊನೆಯದು, ಮೊಟ್ಟೆ ಕಾಯ್ತಿರೋ ತಾಯಿ. ಅವ್ವನಿಗೆ ಗುಟ್ಟು ಮೊದಲೇ ತಿಳಿದರೂ ಎದ್ದು ಹೋಗಲಿಲ್ಲ. ಗೆರೆ ಎಲ್ಲ "ಮುಂದ" ಕಡೆಗೇ. ಹೋರ್ಟಾ ಬಂಡೆಯ ಮೇಲೆ ಅಕ್ಷರ ಕೊರೆಯುವಾಗ ಅವ್ವ ಏನೂ ಕೇಳಲಿಲ್ಲ. ಡಾಕ್ಟರ್ ಕಾಂಕ್ರೀಟ್ ಹಚ್ಚಿ ಅದರ ಗಾಯ ಮುಚ್ಚಿದಾಗ "ಪುಣ್ಯಾತ್ಮ" ಅಂದಳು. ಅವತ್ತು ಆ ಕೌದಿಯಂಥ ವೇಷ ನನ್ನ ಕಣ್ಣಿಗೂ ಬೀಳಲಿಲ್ಲ. ವೇಷ ಮಾಡಿದವನೂ ಒಳಗೆ ತೆವಳಿದವನೂ ಒಬ್ಬನೇ, ಯಾನೋಸ್ ಪ್ರೊಹಾಸ್ಕಾ. ಈಗ ನನ್ನ ಮಾರ್ಕ್ಸ್ 10. ಕಪ್ಪತಗುಡ್ಡಕ್ಕಾಗಿ ಗದಗಿನ ಜನ ಎಷ್ಟು ವರ್ಷ ಬಡಿದಾಡಿದರು, 2019ರಲ್ಲಿ ಅದು ವನ್ಯಜೀವಿ ಧಾಮ ಆಯಿತು. ಆ ಗುಡ್ಡ ನೋಡ್ತಾ ಬೆಳೆದ ನಾವು ಈ ಎಪಿಸೋಡನ್ನ ಬೇರೆ ಊರವರ ಕಣ್ಣಿಂದ ನೋಡಿ ಆರೇ ಮಾರ್ಕ್ಸ್ ಕೊಟ್ಟಿದ್ದೆವಲ್ಲ ಅಂತ ನನಗೆ ಬೇಜಾರಾಯಿತು.

'ಸಿಟಿ' 10ರಿಂದ 9ಕ್ಕೆ ಇಳಿಯಿತು. ಇದಕ್ಕೆ ಗೆಳೆಯರ ಜೊತೆ ದೊಡ್ಡ ಜಗಳವೇ ಆಯಿತು. ಹಿಂದಿನ ಕಾಲಕ್ಕೆ ಹೋದ ಕರ್ಕ್ ಅಲ್ಲಿ ಮೆಚ್ಚಿದ ಈಡಿತ್ ಕೀಲರ್ ಲಾರಿಗೆ ಸಿಕ್ಕು ಸಾಯಲೇಬೇಕು, ಇಲ್ಲದಿದ್ದರೆ ಇತಿಹಾಸ ಕೆಡುತ್ತದೆ. ಅವ್ವ ಕಣ್ಣೊರೆಸಿಕೊಂಡಳು. ಒರೆಸಿಕೊಂಡೇ ಕೇಳಿದಳು: "ತಮ್ಮ ಜೋಡಿ ಕರ್ಕೊಂಡು ಹೋಗಬಾರದಿತ್ತೇನು? ಆ ಕಾಲದಾಗ ಇರಲಿಲ್ಲಂದ್ರ ಸಾಕಲ್ಲ?" ಹೌದಲ್ವಾ? ಎಪಿಸೋಡಿನಲ್ಲಿ ಯಾರೂ ಆ ಮಾತೇ ಎತ್ತಲ್ಲ. ಒಂದು ಸಾಲು ಇದ್ದಿದ್ದರೆ ಸಾಕಿತ್ತು. ದುಃಖ ಮಾತ್ರ ಒಂದು ಚೂರೂ ಕಡಿಮೆಯಾಗಿಲ್ಲ. ಅದಕ್ಕೇ 9.

'ಸ್ಪಾಕ್ಸ್ ಬ್ರೇನ್' 2ರಿಂದ 4. ನೆಲದಡಿಯ ಹೆಂಗಸರು ಹಿರಿಯರು ಕಟ್ಟಿಟ್ಟ ಯಂತ್ರದ ಮೇಲೆ ಬದುಕ್ತಾರೆ, ಅದು ಹೇಗೆ ನಡೆಯುತ್ತೆ ಅಂತ ಅವರಿಗೇ ಗೊತ್ತಿಲ್ಲ. ಆ ಒಂದು ಎಳೆ ಗಟ್ಟಿ ಇದೆ. ಅದಕ್ಕಿಂತ ಜಾಸ್ತಿ ಹೇಳೋಕೆ ಏನಿಲ್ಲ.

ಮೂರನೇ ಸೀಸನ್‌ನಲ್ಲಿ ನನಗೆ ದೊಡ್ಡ ಲಾಭ ಆದದ್ದು 'ದ ಎಂಪತ್'. 1968ರ ಡಿಸೆಂಬರ್. ಆ ಸೀಸನ್‌ಗೆ ದುಡ್ಡು ಕಡಿತ ಮಾಡಿದ್ದರು, ಶುಕ್ರವಾರ ರಾತ್ರಿ ಹತ್ತು ಗಂಟೆಗೆ ತಳ್ಳಿದ್ದರು. ಈ ಎಪಿಸೋಡಿನಲ್ಲಿ ಸೆಟ್ಟೇ ಇಲ್ಲ ಅನ್ನಬಹುದು. ಸುತ್ತ ಬರೀ ಕಪ್ಪು. ನಡುವೆ ಒಬ್ಬ ಮೂಗಿ ಹೆಣ್ಣುಮಗಳು, ಮಂದಿಯ ಗಾಯವನ್ನ ತನ್ನ ಮೈ ಮೇಲೆ ಎಳೆದುಕೊಳ್ಳುವವಳು. ನನ್ನ ಹಳೆಯ ಮಾರ್ಕ್ಸ್ 3. "ಬಡತನ ಕಾಣುತ್ತೆ" ಅಂತ ಬರೆದಿದ್ದೆ. ಅವ್ವ ಕಂಪನಿ ನಾಟಕ ನೋಡಿ ಬೆಳೆದವಳು. ಕಪ್ಪು ಪರದೆಯ ಮುಂದೆ ಒಬ್ಬಳ ಮೇಲೆ ಬೆಳಕು ಬಿದ್ದರೆ ಅವಳಿಗೆ ಅದು ಬಡತನ ಅಲ್ಲ, ನಾಟಕ. ಹದಿನೈದು ನಿಮಿಷಕ್ಕೆ ನಾನು ಕಥೆ ಹೇಳೋದನ್ನೇ ನಿಲ್ಲಿಸಿದೆ. ಬೇಕಾಗಲಿಲ್ಲ. ಕ್ಯಾಥರಿನ್ ಹೇಸ್ ಕೈ ಮತ್ತು ಮುಖದಲ್ಲೇ ಎಲ್ಲ ಹೇಳಿಬಿಡ್ತಾಳೆ. ಬಿಬಿಸಿಯವರು ಹಿಂಸೆ ಜಾಸ್ತಿ ಅಂತ ಇದನ್ನ ಎಷ್ಟೋ ವರ್ಷ ತೋರಿಸಲಿಲ್ಲ. ನನ್ನ ಹೊಸ ಮಾರ್ಕ್ಸ್ 8.

ಇದರಿಂದ ಒಂದು ಅಡ್ಡ ಪ್ರಯೋಗ ಹುಟ್ಟಿತು. ಮೂರನೇ ಸೀಸನ್ನಿನ ಆರು ಎಪಿಸೋಡ್ ಧ್ವನಿ ಪೂರ್ತಿ ತೆಗೆದು ನೋಡಿದೆ. ಇನ್ನು ನಾಲ್ಕನ್ನ ಚಿತ್ರ ಇಲ್ಲದೆ, ಗದಗ-ಹುಬ್ಬಳ್ಳಿ ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳಿದೆ. ಅಣ್ಣಿಗೇರಿ ದಾಟೋ ಹೊತ್ತಿಗೆ ಅರ್ಧ ಮುಗಿದಿರುತ್ತೆ. ಬರೀ ಕೇಳಿದರೆ ಕರ್ಕ್ ಪಾತ್ರ ಮಾಡಿದ ಶಾಟ್ನರ್‌ನ ಮಾತಿನ ನಿಲುಗಡೆ ಅತಿ ಅನ್ನಿಸಲ್ಲ, ಹಿತವಾಗಿರುತ್ತೆ. 2006ರಲ್ಲಿ ಕಂಪ್ಯೂಟರಿನಲ್ಲಿ ಮತ್ತೆ ಮಾಡಿದ ಹಡಗಿನ ಚಿತ್ರಗಳನ್ನೂ ಹಳೆಯವನ್ನೂ ಎದುರುಬದುರು ಇಟ್ಟು ನೋಡಿದೆ. ಅವ್ವನಿಗೆ ಹಳೆಯ ಮಾದರಿ ಹಡಗೇ ಹಿಡಿಸಿತು. ನನಗೂ. ಅದಕ್ಕೆ ತೂಕ ಇದೆ.

ಗೆಳೆಯರ ತಕರಾರು ಒಂದೇ: ನೀನು ಎಪಿಸೋಡನ್ನ ತೂಗ್ತಿಲ್ಲ, ನಿಮ್ಮವ್ವನ ಆ ದಿನದ ಮನಸ್ಸನ್ನ ತೂಗ್ತಿದ್ದೀಯ. ನ್ಯಾಯವಾದ ಮಾತೇ. ಹಾಗಾಗಿ ಎಂಟು ಎಪಿಸೋಡನ್ನ ಆರು ತಿಂಗಳು ಬಿಟ್ಟು ಮತ್ತೆ ತೋರಿಸಿದೆ. ಏಳರಲ್ಲಿ ಹೊಸ ಮಾರ್ಕ್ಸ್ ಒಂದಕ್ಕಿಂತ ಹೆಚ್ಚು ಆಚೀಚೆ ಆಗಲಿಲ್ಲ. ಆಗಿದ್ದ ಒಂದರ ದಿನ ಲೈಟ್ ಎರಡು ಸಲ ಹೋಗಿತ್ತು, ಅದನ್ನ ಲೆಕ್ಕದಿಂದ ತೆಗೆದೆ.

ಅವರ ಬಾಯಿ ಪೂರ್ತಿ ಮುಚ್ಚಿದ್ದು ಮಾತ್ರ 'ಜರ್ನಿ ಟು ಬೇಬಲ್'. ಅವತ್ತು ಧಾರವಾಡದವನೊಬ್ಬ ನಮ್ಮ ಮನೆಯಲ್ಲೇ ಇದ್ದ. ಸ್ಪಾಕ್‌ನ ಅಪ್ಪ ಸಾರೆಕ್ ಹಡಗಿಗೆ ಬಂದಿಳಿದ. ಅವ್ವ ತಡ ಮಾಡದೆ ಅಂದಳು: "ಇಂವ ತನ್ನ ಹಡಗ ತಾನ ಸುಟ್ಕೊಂಡು ಸತ್ತಂವ ಅಲ್ಲೇನು?" ನಿಜ. 'ಬ್ಯಾಲೆನ್ಸ್ ಆಫ್ ಟೆರರ್'ನ ಶತ್ರು ಪಡೆಯ ರೊಮ್ಯುಲನ್ ಕಮಾಂಡರ್ ಮತ್ತು ಸಾರೆಕ್, ಎರಡೂ ಮಾರ್ಕ್ ಲೆನಾರ್ಡ್ ಮಾಡಿದ ಪಾತ್ರ. ಅದನ್ನ ನೋಡಿ ಒಂಬತ್ತು ತಿಂಗಳಾಗಿತ್ತು. ಹೆಸರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ, ಬರೀ ನಿಂತ ರೀತಿಯಿಂದ ಹಿಡಿದಳು. ಆ ಗೆಳೆಯ ಮೂವತ್ತು ವರ್ಷದ ಅಭಿಮಾನಿ. ಅವನಿಗೆ ಅದು ಅವತ್ತೇ ಗೊತ್ತಾಗಿದ್ದು. ಮರುದಿನ ಅವನೂ ಒಂದು ವಹಿ ಕೊಂಡ.

ಒಟ್ಟು ಲೆಕ್ಕ: ಎರಡು ಅಥವಾ ಅದಕ್ಕಿಂತ ಜಾಸ್ತಿ ಮಾರ್ಕ್ಸ್ ಬದಲಾದದ್ದು ಇಪ್ಪತ್ತೆರಡೋ ಇಪ್ಪತ್ಮೂರೋ ಎಪಿಸೋಡ್. ಏರಿದವು ಹದಿನಾಲ್ಕರಷ್ಟು, ಉಳಿದವು ಇಳಿದವು. ಏರಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಲ್ಲರೂ ಬೈಯೋ ಮೂರನೇ ಸೀಸನ್ನಿನವು. ಈ ಪದ್ಧತಿಗೆ ಡಿವಿಡಿ ಬಿಟ್ಟರೆ ಖರ್ಚು ಆದದ್ದು ಎರಡು ವಹಿ, ಒಂದು ಡಬ್ಬಿ ಟಾಚಣಿ, ಅವ್ವನ ಕಿವಿ ಸ್ವಲ್ಪ ಮಂದ ಅಂತ ತಂದ 1,800 ರೂಪಾಯಿಯ ಸ್ಪೀಕರ್.

ಈಗ ಸ್ಟಾರ್ ಟ್ರೆಕ್‌ನ ಮುಂದಿನ ಸರಣಿ 'ನೆಕ್ಸ್ಟ್ ಜನರೇಷನ್' ಹಿಡಿದಿದ್ದೇವೆ. 178 ಎಪಿಸೋಡ್. ಮೂರೂವರೆ ವರ್ಷ ಬೇಕು. ಮೊನ್ನೆ ರವಿವಾರ ಮೂರನೆಯದು ಆಯಿತು, ನಲವತ್ತನೇ ನಿಮಿಷಕ್ಕೆ ಅವ್ವ ಎದ್ದು ಹೋದಳು. ಬರೆದುಕೊಂಡಿದ್ದೇನೆ. ಐದನೇ ಸೀಸನ್ನಿನ 'ಡಾರ್ಮಾಕ್'ಗೆ ಈಗಲೇ ಹಾಳೆ ಮಡಚಿ ಟಾಚಣಿ ಹಾಕಿಟ್ಟಿದ್ದೇನೆ. ಅದರಲ್ಲಿ ಒಂದು ಜನಾಂಗ ಹಳೆಯ ಕಥೆಗಳ ಹೆಸರು ಹೇಳಿಯೇ ಎಲ್ಲ ಮಾತಾಡುತ್ತೆ. ಅವ್ವ ಗಾದೆ ಇಲ್ಲದೆ ಎರಡು ಮಾತಾಡುವವಳಲ್ಲ. ಆ ವಾರ ನಾನು ಕಥೆ ಹೇಳಬೇಕೋ, ಅವಳೇ ನನಗೆ ಹೇಳ್ತಾಳೋ ನೋಡಬೇಕು.