ಸುಂಡೆ ಬೇರಿನ ಮೇಲೆ ಗುಳ್ಳ

ಶಿವರಾತ್ರಿ ಕಳೆಯಿತು. ಅಂಗಳದಲ್ಲಿ 11 ಗುಳ್ಳದ ಗಿಡ (ಗುಳ್ಳ ಅಂದರೆ ನಮ್ಮ ಕಡೆಯ ದುಂಡು ಬದನೆ) ಇನ್ನೂ ಹಸಿರಾಗಿ ನಿಂತಿವೆ. ಪುತ್ತೂರಿನ ನಮ್ಮ ಮನೆಯಲ್ಲಿ ಇದು ಮೊದಲ ಸಲ.

ಹಿಂದಿನ ಮೂರು ವರ್ಷವೂ ಒಂದೇ ಕಥೆ. ಹೂ ಬಿಡುವ ಹೊತ್ತಿಗೆ ಗಿಡ ಮಧ್ಯಾಹ್ನ ಜೋತು ಬೀಳುತ್ತಿತ್ತು, ನಾಲ್ಕೇ ದಿನಕ್ಕೆ ಮುಗಿಯುತ್ತಿತ್ತು. ಕಾಂಡ ಕೊಯ್ದು ಲೋಟದ ನೀರಿಗೆ ಇಳಿಬಿಟ್ಟರೆ ಹಾಲಿನಂಥ ದಾರ ಇಳಿಯುತ್ತದೆ ಅಲ್ವಾ, ಅದೇ ಮಣ್ಣಿನಿಂದ ಬೇರಿಗೆ ಹತ್ತುವ ಸೊರಗು ರೋಗ. ಸುಡುಮಣ್ಣು, ಸುಣ್ಣ, ಬೇವಿನ ಹಿಂಡಿ, ಅಂಗಡಿಯವರು ಕೊಟ್ಟ ಪುಡಿ ಎಲ್ಲ ಹಾಕಿದೆ. ಎರಡನೇ ವರ್ಷ ಸುಮಾರು 1,800 ರೂಪಾಯಿ ಹೋಯಿತು. ಸಿಕ್ಕಿದ್ದು ಎರಡು ದಿನದ ಹುಳಿಗೆ ಆಗುವಷ್ಟು ಕಾಯಿ.

ಬೇರೆ ಬದನೆ ಹಾಕಬಹುದಿತ್ತು. ಆದರೆ ಗುಳ್ಳದ ರುಚಿ ಬೇರೆ ಯಾವುದಕ್ಕೂ ಇಲ್ಲ. ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಸಿಕ್ಕಿದ್ದು ಉಡುಪಿ ಹತ್ತಿರದ ಮಟ್ಟು ಊರಿನ ಬೆಳೆಗೆ. ಹಾಗಾಗಿ ನನ್ನ ಕಾಯಿಯನ್ನು ನಾನು ಆ ಹೆಸರಿನಿಂದ ಕರೆಯುವುದಿಲ್ಲ. ಬೀಜ ಮಾತ್ರ ಅಲ್ಲಿಯದು.

ಕಾಡುಸುಂಡೆ ಅಂದರೆ ರಸ್ತೆ ಬದಿಯಲ್ಲಿ ಬೆಳೆಯುವ, ಬದನೆಯ ಜಾತಿಯದೇ ಕಾಡುಗಿಡ. ಅದಕ್ಕೆ ಸೊರಗು ಅಷ್ಟು ಸುಲಭಕ್ಕೆ ತಟ್ಟುವುದಿಲ್ಲ. ಅದರ ಮೇಲೆ ಕಸಿ ಕಟ್ಟುತ್ತೇನೆ ಎಂದಾಗ ಪಕ್ಕದ ಮನೆಯ ಮಾವ, "ಬದನೆಗೆ ಕಸಿಯಾ ಮಾರಾಯ? ಗೇರಿಗೆ, ಮಾವಿಗೆ ಕೇಳಿದ್ದೇನೆ" ಎಂದರು. ಮನೆಯಲ್ಲೂ ಯಾರೂ ನಂಬಲಿಲ್ಲ.

ಸುಂಡೆ ಬೀಜ ಮೊಳೆಯಲು ಮೂರು ವಾರ ತೆಗೆದುಕೊಂಡಿತು. ಅದಕ್ಕೇ ಅದನ್ನು ಗುಳ್ಳಕ್ಕಿಂತ ತಿಂಗಳು ಮೊದಲೇ ಹಾಕಬೇಕು. ಎರಡೂ ಕಾಂಡ ಊದುಬತ್ತಿಯಷ್ಟು ದಪ್ಪ ಬಂದಾಗ ಹೊಸ ಬ್ಲೇಡಿನಿಂದ ಸುಂಡೆಯ ತಲೆ ಕತ್ತರಿಸಿ, ನಡುವೆ ಸೀಳಿ, ಗುಳ್ಳದ ತುದಿಯನ್ನು ಬೆಣೆಯ ಹಾಗೆ ಚೂಪು ಮಾಡಿ ಕೂರಿಸಿದೆ. ಮೇಲೆ ಐಸ್‌ಕ್ಯಾಂಡಿಯ ಪ್ಲಾಸ್ಟಿಕ್ ಕೊಳವೆ.

ಮೊದಲ ಸಲದ 20ರಲ್ಲಿ ಒಂದೂ ಉಳಿಯಲಿಲ್ಲ. ತೇವ ಬೇಕಲ್ಲ ಎಂದು ಕೊಳವೆಯೊಳಗೆ ನೀರು ಚಿಮುಕಿಸಿದ್ದೆ. ಮೂರನೇ ದಿನಕ್ಕೆ ಕಟ್ಟಿದ ಜಾಗ ಕಪ್ಪಾಗಿ ಲೋಳೆಯಾಯಿತು. ಎರಡನೇ ಸಲ 25 ಕಟ್ಟಿದೆ. ಎಲೆ ಮೇಲೆ ನೀರು ಬೀಳದಂತೆ ನೋಡಿಕೊಂಡು ನೀರನ್ನು ಬುಡಕ್ಕೆ ಮಾತ್ರ ಕೊಟ್ಟೆ, ಎಂಟು ದಿನ ಜಗಲಿಯ ನೆರಳಲ್ಲಿಟ್ಟೆ. 14 ಹಿಡಿದವು. ಕಟ್ಟುವ ಎರಡು ದಿನ ಮೊದಲು ಗುಳ್ಳದ ಸಸಿಗೆ ನಾನು ಒಂದು ಕೆಲಸ ಮಾಡುತ್ತೇನೆ. ಅದನ್ನು ಈಗ ಹೇಳುವುದಿಲ್ಲ, ಇನ್ನೊಂದು ವರ್ಷ ನೋಡಬೇಕು.

ದೀಪಾವಳಿ ಹೊತ್ತಿಗೆ ನೆಟ್ಟೆ. ಡಿಸೆಂಬರಿನಲ್ಲಿ ಮೂರು ಗಿಡ ಬಾಡಿದಾಗ ಎದೆ ಧಸಕ್ಕೆಂದಿತು. ಕಿತ್ತು ನೋಡಿದರೆ ಕಸಿಯ ಗಂಟಿನ ಮೇಲಿನಿಂದ ಬಿಳಿ ಬೇರು ಹೊರಟಿತ್ತು. ಬುಡಕ್ಕೆ ಮಣ್ಣು ಏರಿಸುವಾಗ ಗಂಟು ಮುಚ್ಚಿಬಿಟ್ಟಿದ್ದೆ. ಗುಳ್ಳ ತನ್ನದೇ ಬೇರು ಬಿಟ್ಟು ರೋಗವನ್ನು ಕರೆದುಕೊಂಡಿತ್ತು. ಅವತ್ತೇ ಉಳಿದ 11ರ ಬುಡದ ಮಣ್ಣನ್ನು ಕೈಯಿಂದ ಸರಿಸಿ, ಗಂಟು ನೆಲದಿಂದ ನಾಲ್ಕು ಬೆರಳು ಮೇಲೆ ಕಾಣುವ ಹಾಗೆ ಮಾಡಿದೆ. ಅಲ್ಲಿಂದ ಒಂದೂ ಹೋಗಿಲ್ಲ. ಪಕ್ಕದಲ್ಲೇ ಪರೀಕ್ಷೆಗೆಂದು ಕಸಿ ಇಲ್ಲದ ನಾಲ್ಕು ನೆಟ್ಟಿದ್ದೆ, ಅದರಲ್ಲಿ ಮೂರು ಗಿಡ ಕ್ರಿಸ್ಮಸ್ಸಿಗೆ ಮೊದಲೇ ಸತ್ತವು.

ಟೊಮೆಟೊವನ್ನೂ ಸುಂಡೆಗೆ ಕಟ್ಟಿ ನೋಡಿದೆ. ಆರರಲ್ಲಿ ನಾಲ್ಕು ಹಿಡಿದವು, ಆದರೆ ಗಂಟು ದಪ್ಪಗಾಗಿ ಗಿಡ ಕುಳ್ಳಾಗಿಯೇ ಉಳಿಯಿತು. ಮೆಣಸು ಒಂದೂ ಕೂಡಲಿಲ್ಲ, ಅದಕ್ಕೆ ಸುಮ್ನೆ ಸಮಯ ಹಾಳು ಮಾಡಬೇಡಿ.

ಕಾಯಿಕೊರಕ ಹುಳಕ್ಕೆ ಕಸಿ ಏನೂ ಮಾಡುವುದಿಲ್ಲ. ಹುಳ ಹೊಕ್ಕು ಬಾಗಿದ ಕುಡಿಯನ್ನು ದಿನಾ ಬೆಳಿಗ್ಗೆ ಚಿವುಟಿ ಬೆಂಕಿಗೆ ಹಾಕುತ್ತೇನೆ. ಗಂಟಿನ ಕೆಳಗೆ ಬರುವ ಸುಂಡೆ ಚಿಗುರನ್ನೂ ಬಿಡಬಾರದು, ಬಿಟ್ಟರೆ ಮೇಲಿನ ಗುಳ್ಳ ಬೆಳೆಯದೆ ಬಡವಾಗುತ್ತದೆ.

ಈ ವರ್ಷ ಖರ್ಚು 600 ದಾಟಿಲ್ಲ. ಇವತ್ತಿನವರೆಗೆ ಹೆಚ್ಚುಕಡಿಮೆ 22 ಕಿಲೋ ಕೊಯ್ದಿದ್ದೇವೆ, ಗಿಡದಲ್ಲಿ ಇನ್ನೂ ಹೂವಿದೆ. ಪಕ್ಕದ ಮನೆಯ ಮಾವನಿಗೆ ಮುಂದಿನ ವರ್ಷ ಐದು ಕಸಿ ಗಿಡ ಬೇಕಂತೆ. ರಸ್ತೆ ಬದಿಯಿಂದ ಸುಂಡೆ ಹಣ್ಣು ತಂದು ಒಣಗಲು ಹಾಕಿದ್ದೇನೆ.