ಬರ್ತ್ ಸೆಂಟರ್‌ನಲ್ಲಿ ಎಪಿಡ್ಯೂರಲ್ ಕೊಡೋದಿಲ್ಲ: ಇಂಗ್ಲೆಂಡಿನಲ್ಲಿ ಹೆರಿಗೆಗೆ ಹೊರಟವರಿಗೆ

ಯುಗಾದಿ ಊಟಕ್ಕೆ ಸೇರಿದ್ದಾಗ ಏಳು ತಿಂಗಳ ಬಸುರಿ ಹುಡುಗಿಯೊಬ್ಬಳು ಫೋನಿನಲ್ಲಿ ಇಲ್ಲಿನ ಬರ್ತ್ ಸೆಂಟರ್ ಒಂದರ ರೂಮಿನ ಫೋಟೋ ತೋರಿಸಿದಳು. ಮಂದ ಬೆಳಕು, ದೊಡ್ಡ ನೀರಿನ ತೊಟ್ಟಿ, ಮೂಲೆಯಲ್ಲಿ ಬೀನ್ ಬ್ಯಾಗ್. "ಅಕ್ಕಾ, ಇಲ್ಲೇ ಬುಕ್ ಮಾಡಿದ್ದೀನಿ. ನೋವು ತಡೆಯೋಕಾಗದಿದ್ರೆ ಎಪಿಡ್ಯೂರಲ್ ತಗೊಂಡ್ರಾಯ್ತು" ಅಂದಳು. ಎಪಿಡ್ಯೂರಲ್ ಅಂದರೆ ಬೆನ್ನಿಗೆ ಸೂಜಿ ಹಾಕಿ ಹೆರಿಗೆ ನೋವು ತಗ್ಗಿಸುವ ಅರಿವಳಿಕೆ. ನಾನು ಕೈಯಲ್ಲಿದ್ದ ಹೋಳಿಗೆ ತಟ್ಟೆ ಕೆಳಗಿಟ್ಟೆ. ಆರು ವರ್ಷದ ಹಿಂದೆ ಇಂಥದ್ದೇ ಫೋಟೋ ನೋಡಿ ನಾನೂ ಹೀಗೇ ಅಂದುಕೊಂಡಿದ್ದೆ.

ಸ್ಕ್ಯಾನ್, ವಿಟಮಿನ್, ವೀಸಾ ಎಲ್ಲ ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ. ಗೊತ್ತಿಲ್ಲದ್ದು ಇದು: ಇಲ್ಲಿ ಎಲ್ಲಿ ಹೆರಬೇಕು ಅಂತ ಆರಿಸಿದಾಗಲೇ ಯಾವ ನೋವು ನಿವಾರಣೆ ಸಿಗುತ್ತದೆ ಅನ್ನೋದೂ ತೀರ್ಮಾನ ಆಗಿಬಿಡುತ್ತದೆ. ಬರ್ತ್ ಸೆಂಟರ್ ನಡೆಸುವವರು ಮಿಡ್‌ವೈಫ್‌ಗಳು, ಅಂದರೆ ತರಬೇತಿ ಪಡೆದ ಸೂಲಗಿತ್ತಿಯರು. ಅಲ್ಲಿ ಅರಿವಳಿಕೆ ಡಾಕ್ಟರ್ ಇರುವುದಿಲ್ಲ, ಹಾಗಾಗಿ ಎಪಿಡ್ಯೂರಲ್ ಇಲ್ಲ. ಅದು ಬೇಕು ಅಂದರೆ ಡಾಕ್ಟರ್‌ಗಳಿರುವ ಆಸ್ಪತ್ರೆಯ ಲೇಬರ್ ವಾರ್ಡಿಗೇ ಹೋಗಬೇಕು. ಕೆಲವು ಕಡೆ ಅದನ್ನೇ ಡೆಲಿವರಿ ಸೂಟ್ ಅನ್ನುತ್ತಾರೆ. ಬರ್ತ್ ಸೆಂಟರ್ ಆಸ್ಪತ್ರೆಯೊಳಗೇ ಇದ್ದರೆ ಒಂದು ಲಿಫ್ಟ್ ಹತ್ತಿದರಾಯಿತು. ಬೇರೆ ಊರಲ್ಲಿ ಒಂಟಿಯಾಗಿ ನಿಂತ ಕಟ್ಟಡವಾದರೆ ಬೇನೆ ತಿನ್ನುತ್ತಾ ಆಂಬ್ಯುಲೆನ್ಸಿನಲ್ಲಿ ಹೋಗಬೇಕು.

ನನ್ನದು ಲಿಫ್ಟ್ ಇದ್ದ ಜಾಗ. ಆದರೂ ಏನಾಯಿತು ಕೇಳಿ. ರಾತ್ರಿ ಎರಡು ಗಂಟೆಗೆ, ಗರ್ಭಕೋಶದ ಬಾಯಿ 6 ಸೆಂಟಿಮೀಟರ್ ತೆರೆದಿದ್ದಾಗ, ನನಗೆ ಎಪಿಡ್ಯೂರಲ್ ಬೇಕು ಅಂದೆ. ಮಿಡ್‌ವೈಫ್ ಪಾಪ ತಕ್ಷಣ ಫೋನ್ ಮಾಡಿದಳು. ಮೇಲೆ ರೂಮು ಖಾಲಿ ಇಲ್ಲ. ಒಂದೂವರೆ ಗಂಟೆ ಆದಮೇಲೆ ರೂಮು ಸಿಕ್ಕಿತು, ಅಷ್ಟರಲ್ಲಿ ಅರಿವಳಿಕೆ ಡಾಕ್ಟರ್ ಒಂದು ತುರ್ತು ಸಿಸೇರಿಯನ್‌ಗೆ ಥಿಯೇಟರ್ ಒಳಗೆ ಹೋಗಿದ್ದರು. ಅವರು ಬಂದಾಗ ಐದೂಮುಕ್ಕಾಲು, ನಾನಾಗಲೇ ಮಗುವನ್ನು ಹೊರಕ್ಕೆ ತಳ್ಳುತ್ತಿದ್ದೆ. "ಈಗ ಬೇಡ, ಮಗು ಬಂದೇ ಬಿಡ್ತು" ಅಂದರು. ಯಾರದೂ ತಪ್ಪಲ್ಲ, ವ್ಯವಸ್ಥೆಯೇ ಹಾಗೆ. ನಾನು ಮೊದಲೇ ಒಂದು ಮಾತು ಕೇಳಿಕೊಂಡಿದ್ದರೆ ಆ ಮೂರೂಮುಕ್ಕಾಲು ಗಂಟೆ ಹಾಗೆ ಕಳೆಯುತ್ತಿರಲಿಲ್ಲ, ಅಷ್ಟೇ.

ನನ್ನೊಬ್ಬಳ ಹಣೆಬರಹ ಅಂದುಕೊಳ್ಳಬೇಡಿ. 2011ರಲ್ಲಿ ಇಂಗ್ಲೆಂಡಿನಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ, ಆಸ್ಪತ್ರೆ ಪಕ್ಕದ ಬರ್ತ್ ಸೆಂಟರ್‌ಗಳಲ್ಲಿ ಮೊದಲ ಹೆರಿಗೆ ಶುರು ಮಾಡಿದವರಲ್ಲಿ 100ಕ್ಕೆ 40 ಮಂದಿಯನ್ನು ಲೇಬರ್ ವಾರ್ಡಿಗೆ ಕಳಿಸಬೇಕಾಯಿತು. ಎಲ್ಲರೂ ಎಪಿಡ್ಯೂರಲ್‌ಗೇ ಹೋದವರಲ್ಲ, ಹೆರಿಗೆ ನಿಧಾನವಾಗಿ ಹೋದವರೂ ತುಂಬ ಇದ್ದರು. ಬರ್ತ್ ಸೆಂಟರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನನ್ನ ಎರಡನೆಯವನು ಅಲ್ಲೇ ಹುಟ್ಟಿದ್ದು, ಆರಾಮಾಗಿ. ಆದರೆ ಮೊದಲ ಹೆರಿಗೆ, ಎಪಿಡ್ಯೂರಲ್ ಬೇಕಾಗಬಹುದು ಅನ್ನೋ ಸಣ್ಣ ಅನುಮಾನ ಇದ್ದರೂ ಲೇಬರ್ ವಾರ್ಡೇ ಬುಕ್ ಮಾಡಿ. ಒಮ್ಮೆ ಬುಕ್ ಮಾಡಿದ್ದನ್ನು ಕೊನೆಯ ವಾರಗಳಲ್ಲೂ ಬದಲಾಯಿಸಬಹುದು.

ಲೇಬರ್ ವಾರ್ಡಿನಲ್ಲಿದ್ದರೂ ಬೇಗ ಕೇಳಿ. ಡಾಕ್ಟರ್ ಮಂಚದ ಹತ್ತಿರ ಬಂದ ಮೇಲೆ ಸೂಜಿ ಹಾಕೋಕೆ ಸುಮಾರು 10 ನಿಮಿಷ, ಮದ್ದು ಕೆಲಸ ಮಾಡೋಕೆ ಇನ್ನೊಂದು 10-15 ನಿಮಿಷ. ಅವರು ಬರುವ ತನಕ ಎಷ್ಟು ಹೊತ್ತು ಅನ್ನೋದಕ್ಕೆ ಯಾರೂ ಗ್ಯಾರಂಟಿ ಕೊಡೋದಿಲ್ಲ. ಇನ್ನೊಂದು, ನಮ್ಮವರ ಅಭ್ಯಾಸ. "ಹೇಗಿದೆ?" ಅಂದರೆ "ಪರವಾಗಿಲ್ಲ" ಅನ್ನುತ್ತೇವೆ. ಇಲ್ಲಿನವರು ಅದನ್ನು ಹಾಗೇ ನಂಬಿಕೊಂಡು ಹೊರಟುಹೋಗುತ್ತಾರೆ. ನಾಚಿಕೆ ಬಿಟ್ಟು "ಬೇಕು, ಈಗಲೇ" ಅನ್ನಿ. ನಿಮಗೆ ಆಗದಿದ್ದರೆ ಗಂಡ ಹೇಳಲಿ, ಸುಮ್ನೆ ಬೆನ್ನು ನೀವುತ್ತಾ ನಿಲ್ಲೋದು ಸಾಲದು.

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ "ಪೇನ್‌ಲೆಸ್ ಡೆಲಿವರಿ" ಅಂತ ಪ್ಯಾಕೇಜೇ ಇರುತ್ತದೆ, ದುಡ್ಡು ಕಟ್ಟಿದರೆ ಡಾಕ್ಟರ್ ಬರುತ್ತಾರೆ. ಇಲ್ಲಿ ವೀಸಾ ಜೊತೆ ಹೆಲ್ತ್ ಸರ್ಚಾರ್ಜ್ (ಸರ್ಕಾರಿ ಚಿಕಿತ್ಸೆಗೆ ಮೊದಲೇ ಕಟ್ಟುವ ಶುಲ್ಕ) ಕಟ್ಟಿದವರಿಗೆ ಬಿಲ್ಲೇ ಇಲ್ಲ, ಆದರೆ ಸರದಿ ಕಾಯಬೇಕು. ಯಾವುದು ಮೇಲು? ರಾತ್ರಿಯಿಡೀ ನನ್ನ ಕೈ ಹಿಡಿದು ಕೂತ ಆ ಮಿಡ್‌ವೈಫ್‌ಗಾಗಿ ನಾನು ಇಲ್ಲಿನದಕ್ಕೇ ಮಾರ್ಕ್ಸ್ ಕೊಡುತ್ತೇನೆ. ಎಪಿಡ್ಯೂರಲ್ ಒಂದರ ವಿಷಯಕ್ಕೆ ಮಾತ್ರ ಬೆಂಗಳೂರಿಗೆ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಉಸಿರಿನಲ್ಲಿ ಎಳೆದುಕೊಳ್ಳುವ ಗ್ಯಾಸ್ ಅಂಡ್ ಏರ್ ಬಹುತೇಕ ಎಲ್ಲಾ ಕಡೆ ಸಿಗುತ್ತದೆ, ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಕ್ಸಿಜನ್. ಅದು ಹತ್ತೋಕೆ 15-20 ಸೆಕೆಂಡ್ ಬೇಕು, ಅದಕ್ಕೇ ನೋವು ಏಳುವ ಮೊದಲ ಸುಳಿವಿಗೇ ಎಳೆಯಬೇಕು. ನೋವು ನೆತ್ತಿಗೇರಿದ ಮೇಲೆ ಎಳೆದರೆ ಅದು ಕೆಲಸ ಮಾಡುವಷ್ಟರಲ್ಲಿ ನೋವೇ ಇಳಿದಿರುತ್ತದೆ. ಒಂದು ಗಂಟೆ ನಾನು ಮಾಡಿದ್ದು ಇದನ್ನೇ. ನೋವು ಇಳಿಸುವ ಪೆಥಿಡಿನ್ ಇಂಜೆಕ್ಷನ್ನಿನ ಪರಿಣಾಮ 2ರಿಂದ 4 ಗಂಟೆ ಇರುತ್ತದೆ, ಹೆರಿಗೆ ತೀರಾ ಹತ್ತಿರ ಇದ್ದಾಗ ಕೊಟ್ಟರೆ ಮಗುವಿನ ಉಸಿರಾಟಕ್ಕೆ ತೊಂದರೆ ಆಗಬಹುದು. ಬೆನ್ನಿಗೆ ಅಂಟಿಸಿ ಸಣ್ಣ ಕರೆಂಟಿನಿಂದ ನೋವು ತಗ್ಗಿಸುವ ಟೆನ್ಸ್ ಮೆಷಿನ್ ಬಾಡಿಗೆಗೆ ತಂದರೆ ಮನೆಯಲ್ಲಿ ಕಾಯುವ ಹೊತ್ತಿಗೆ ಸರಿ, ನೀರಿಗಿಳಿಯುವಾಗ ಬಿಚ್ಚಿಡಿ. ಮನೆಯಲ್ಲಿ ಕಾಯುವುದಂತೂ ಇದ್ದೇ ಇದೆ, 4 ಸೆಂಟಿಮೀಟರ್ ಆಗುವ ಮುಂಚೆ ಹೋದರೆ ವಾಪಸ್ ಕಳಿಸುವುದೇ ಜಾಸ್ತಿ. ನಮ್ಮಮ್ಮನಿಗೆ ಇದು ಅರ್ಥವೇ ಆಗಲಿಲ್ಲ. "ನೋವು ಬಂದವಳನ್ನ ಮನೆಗೆ ಕಳಿಸ್ತಾರಾ?" ಅಂತ ಕಾರಿನಲ್ಲಿ ಬೈದುಕೊಂಡೇ ಬಂದಳು.

ಎಪಿಡ್ಯೂರಲ್‌ನಿಂದ ಜೀವನಪೂರ್ತಿ ಬೆನ್ನುನೋವು ಅನ್ನುವ ಮಾತು ನಂಬಬೇಡಿ, ಅದು ಸುಳ್ಳು. ನಿಜವಾದವು ಬೇರೆ ಇವೆ: ಮಗುವನ್ನು ತಳ್ಳುವ ಹೊತ್ತು ಉದ್ದವಾಗಬಹುದು, ಫೋರ್ಸೆಪ್ಸ್ (ಮಗುವನ್ನು ಹೊರತೆಗೆಯುವ ಇಕ್ಕಳ) ಬೇಕಾಗುವ ಸಾಧ್ಯತೆ ಸ್ವಲ್ಪ ಹೆಚ್ಚು, ಸುಮಾರು 100ಕ್ಕೆ ಒಬ್ಬರಿಗೆ ಕೆಟ್ಟ ತಲೆನೋವು. ಪ್ಲೇಟ್‌ಲೆಟ್ ಕಡಿಮೆ ಇದ್ದರೆ, ರಕ್ತ ತೆಳುವಾಗಿಸುವ ಇಂಜೆಕ್ಷನ್ ತಗೊಳ್ಳುತ್ತಿದ್ದರೆ, ಬೆನ್ನಿಗೆ ಆಪರೇಷನ್ ಆಗಿದ್ದರೆ ಮಿಡ್‌ವೈಫ್‌ಗೆ ಈಗಲೇ ಹೇಳಿ, ಅರಿವಳಿಕೆ ಡಾಕ್ಟರನ್ನು ಮೊದಲೇ ಭೇಟಿ ಮಾಡಿಸುತ್ತಾರೆ.

ಆ ಹುಡುಗಿ ಮರುದಿನವೇ ಫೋನ್ ಮಾಡಿ ಬದಲಾಯಿಸಿಕೊಂಡಳು. ನೀರಿನ ತೊಟ್ಟಿ ಹೋಯಿತಲ್ಲಾ ಅಂತ ಸ್ವಲ್ಪ ಬೇಜಾರಿತ್ತು. ಸಂಜೆ ಮೆಸೇಜ್ ಬಂತು: "ಅಕ್ಕಾ, ಲೇಬರ್ ವಾರ್ಡಲ್ಲೂ ತೊಟ್ಟಿ ಇರೋ ರೂಮು ಒಂದಿದೆಯಂತೆ. ಖಾಲಿ ಇದ್ರೆ ಕೊಡ್ತಾರಂತೆ."