ಈ ಜಾವಾ ಹುಟ್ಟಿದ್ದು ಯಾವ ವರ್ಷ, ಯಾವ ಊರಲ್ಲಿ?

ಮಾರಾಟಕ್ಕೆ ಬರುವ ಹಳೆಯ ಜಾವಾ ಬೈಕುಗಳೆಲ್ಲ ಅರವತ್ತೆರಡನೇ ಇಸವಿಯವು. ಮಾರುವವರ ಬಾಯಲ್ಲಂತೂ ಹೌದು. ಅರವತ್ತು ಎಂದರೆ ಕೇಳುವವರಿಗೆ ಅನುಮಾನ ಬರುತ್ತದೆ, ಎಪ್ಪತ್ತೆರಡು ಎಂದರೆ ಬೆಲೆ ಕುಗ್ಗುತ್ತದೆ. ನಮ್ಮ ಮನೆಗೆ ಬಂದದ್ದೂ ಅಂಥದೇ ಒಂದು: ಮರೂನ್ ಬಣ್ಣ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕ್ರೋಮ್, ಟ್ಯಾಂಕ್ ಮೇಲೆ ಜಾವಾ ಎಂಬ ಲಾಂಛನ. ನೋಂದಣಿ ನವೀಕರಣಕ್ಕೆಂದು ಕಚೇರಿಗೆ ಒಯ್ದ ದಿನ ಗೊತ್ತಾಯಿತು, ಚಾಸಿಸ್, ಅಂದರೆ ಗಾಡಿಯ ಚೌಕಟ್ಟು, ಮಾತ್ರ ಜಾವಾದ್ದು. ಇಂಜಿನ್ ಯೆಜ್ಡಿಯದು, ಅಂದರೆ ಜಾವಾ ಮುಂದೆ ಹೆಸರು ಬದಲಾಯಿಸಿಕೊಂಡ ಮೇಲಿನದು. ಟ್ಯಾಂಕ್ ಯಾರೋ ಈಚೆಗೆ ತಗಡು ಬಡಿದು ಮಾಡಿದ್ದು. ಮಾರಿದವರು ಮೋಸ ಮಾಡಿದರು ಎನ್ನಲಾರೆ, ಅವರಿಗೂ ತಿಳಿದಿರಲಿಲ್ಲ. ತಿಳಿಯಬೇಕಾಗಿದ್ದುದು ನನಗೆ.

ಅಂದಿನಿಂದ ನಾನು ಹಳೆಯ ಬೈಕ್ ನೋಡಲು ಹೋದರೆ ಅನುಸರಿಸುವ ಕ್ರಮ ಇದು. ಜಾವಾ, ಯೆಜ್ಡಿಗಳನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಕರ್ನಾಟಕದ ಹಳೆಯ ಮನೆಗಳ ಹಿತ್ತಿಲಲ್ಲಿ ಗೋಣಿತಾಟು ಹೊದ್ದು ನಿಂತಿರುವ ಗಾಡಿಗಳಲ್ಲಿ ಇವು ಬಹಳ.

ಮೊದಲು ಮನೆತನ ಗೊತ್ತು ಮಾಡಿಕೊಳ್ಳಿ

ಲಾಂಛನ, ಬಣ್ಣ, ಸೀಟು ಇವನ್ನೆಲ್ಲ ಸದ್ಯಕ್ಕೆ ಮರೆತುಬಿಡಿ. ಅವನ್ನು ಒಂದು ಮಧ್ಯಾಹ್ನದಲ್ಲಿ ಬದಲಾಯಿಸಬಹುದು. ಇಂಜಿನ್ ನೋಡಿ. ಆ ಕಾಲದಲ್ಲಿ ಭಾರತದಲ್ಲಿ ತಯಾರಾದ ಬೈಕುಗಳು ಮುಖ್ಯವಾಗಿ ಮೂರು ದೇಶಗಳ ಸಂತಾನ. ಬುಲೆಟ್ ಇಂಗ್ಲೆಂಡಿನದು, ರಾಜದೂತ್ ಪೋಲೆಂಡಿನದು, ಜಾವಾ ಚೆಕೊಸ್ಲೊವಾಕಿಯಾದ್ದು. ಹಳೆಯ ಬುಲೆಟ್ಟಿನ ಗೇರ್ ಬಲಗಾಲಿಗೆ ಸಿಗುತ್ತದೆ, ಕಿಕ್ಕರ್ ಬೇರೆ ಇರುತ್ತದೆ. ಜಾವಾದ್ದು ವಿಚಿತ್ರ. ಎಡಗಡೆ ಒಂದೇ ಲಿವರ್. ಅದೇ ಗೇರ್, ಅದೇ ಕಿಕ್ಕರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ನಿಲ್ಲಿಸಿದರೆ ಕಿಕ್ಕರ್ ಆಗುತ್ತದೆ, ಗಾಡಿ ಶುರುವಾದ ಮೇಲೆ ಮಲಗಿಸಿದರೆ ಮತ್ತೆ ಗೇರ್. ಮೊದಲ ಸಲ ನೋಡಿದವರು ಕಿಕ್ಕರ್ ಎಲ್ಲಿ ಎಂದು ಬಲಗಡೆಯೆಲ್ಲ ಹುಡುಕಿ ಸುಸ್ತಾಗುತ್ತಾರೆ. ಒಂದೇ ಸಿಲಿಂಡರಿನಿಂದ ಎರಡು ಸೈಲೆನ್ಸರ್ ಕೊಳವೆ ಹೊರಟಿದ್ದು, ಲಿವರ್ ಹೀಗೆ ಎರಡು ಕೆಲಸ ಮಾಡುತ್ತಿದ್ದರೆ, ನಿಮ್ಮ ಮುಂದಿರುವುದು ಜಾವಾ ಇಲ್ಲವೇ ಯೆಜ್ಡಿ.

ಈ ಮನೆತನದ ಕಥೆಯನ್ನು ನಾಲ್ಕು ಇಸವಿಗಳಲ್ಲಿ ನೆನಪಿಟ್ಟುಕೊಂಡರೆ ಮುಂದಿನ ಕೆಲಸ ಅರ್ಧ ಮುಗಿದಂತೆ. 1929ರಲ್ಲಿ ಪ್ರಾಗ್‌ನಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕ್ ತಯಾರಿಕೆಯ ಹಕ್ಕು ಕೊಂಡ. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ‘ಜಾವಾ’ ಆಯಿತು. ಅಲ್ಲಿಯವರು ‘ಯಾವಾ’ ಎನ್ನುತ್ತಾರೆ, ನಾವು ಇಂಗ್ಲಿಷಿನ ಕಣ್ಣಲ್ಲಿ ಓದಿ ಜಾವಾ ಮಾಡಿಕೊಂಡೆವು. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದವು. 1973ರ ಹೊತ್ತಿಗೆ ಹೆಸರು ಯೆಜ್ಡಿ ಎಂದು ಬದಲಾಯಿತು. ಕಾರ್ಖಾನೆಯ ಒಡೆಯರಾದ ಇರಾನಿ ಕುಟುಂಬದ ಮೂಲ ಊರು ಇರಾನಿನ ಯಜ್ದ್, ಅದರ ನೆನಪು ಎನ್ನುತ್ತಾರೆ. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಇದರಿಂದಲೇ ಕೆಲವು ತೀರ್ಮಾನಗಳು ತಾವಾಗಿ ಬರುತ್ತವೆ. ದಾಖಲೆಯಲ್ಲಿ 1958 ಎಂದಿದ್ದರೆ ಆ ಗಾಡಿ ಮೈಸೂರಿನದಾಗಲು ಸಾಧ್ಯವಿಲ್ಲ, ಹಡಗಿನಲ್ಲಿ ಬಂದದ್ದು. 1982ರ ಜಾವಾ ಎಂದು ಯಾರಾದರೂ ಹೇಳಿದರೆ ಅದು ಲಾಂಛನ ಬದಲಾಯಿಸಿದ ಯೆಜ್ಡಿ.

ತೊಳೆಯುವ ಮೊದಲು ಫೋಟೊ

ಗಾಡಿ ಸಿಕ್ಕ ಸಂತೋಷಕ್ಕೆ ಮೊದಲ ದಿನವೇ ವಾಟರ್ ಸರ್ವಿಸ್‌ಗೆ ಒಯ್ಯುವವರಿದ್ದಾರೆ. ದಯವಿಟ್ಟು ಬೇಡ. ಹಳೆಯ ಬಣ್ಣದ ಪದರ, ಮಡ್‌ಗಾರ್ಡ್ ಮೇಲೆ ಮಸುಕಾಗಿ ಉಳಿದ ಹಳೆಯ ನಂಬರು, ಡೀಲರ್ ಅಂಟಿಸಿದ ಪುಟ್ಟ ಚೀಟಿ ಎಲ್ಲವೂ ಸಾಕ್ಷಿಗಳೇ. ಎಲ್ಲ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇರಲಿ. ಟ್ಯಾಂಕ್, ಮಡ್‌ಗಾರ್ಡ್‌ಗಳ ಮೇಲೆ ಅದನ್ನು ಆಡಿಸಿದರೆ ತಗಡು ಇರುವಲ್ಲಿ ಕಚ್ಚುತ್ತದೆ, ಪುಟ್ಟಿ ತುಂಬಿದಲ್ಲಿ ಜಾರಿ ಬೀಳುತ್ತದೆ.

ನಂಬರು: ಇಲ್ಲಿ ಅವಸರ ಬೇಡ

ಇಡೀ ಕೆಲಸದ ಹೃದಯ ಇದು. ಎರಡು ನಂಬರುಗಳು ಬೇಕು. ಚಾಸಿಸ್ ನಂಬರು ಹ್ಯಾಂಡಲ್ ಕೂರುವ ಕೊರಳಿನ ಬಳಿ ಚೌಕಟ್ಟಿನ ಕಬ್ಬಿಣದಲ್ಲೇ ಒತ್ತಿರುತ್ತದೆ. ಇಂಜಿನ್ ನಂಬರು ಎಡಬದಿಯಲ್ಲಿ, ಇಂಜಿನ್ನಿನ ಕೆಳಕವಚವಾದ ಕ್ರ್ಯಾಂಕ್‌ಕೇಸಿನ ಅಲ್ಯೂಮಿನಿಯಂ ಮೇಲೆ. ಎರಡೂ ಸಾಮಾನ್ಯವಾಗಿ ಗ್ರೀಸು, ಧೂಳು ಸೇರಿ ಗಟ್ಟಿಯಾದ ಕರಿ ಪದರದ ಕೆಳಗೆ ಅಡಗಿರುತ್ತವೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಉಪ್ಪುಕಾಗದ ಮುಟ್ಟಲೇಬೇಡಿ. ಅದು ಗೀರಿದ ಗುರುತು ಉಳಿದರೆ ನಾಳೆ ನಿಮ್ಮ ಮೇಲೆಯೇ ಅನುಮಾನ ಬರುತ್ತದೆ.

ಆಮೇಲೆ ಸಾರಿಗೆ ಕಚೇರಿಯವರ ಉಪಾಯವನ್ನೇ ಬಳಸಿ. ಅವರು ಚಾಸಿಸ್ ಪ್ರಿಂಟ್ ತೆಗೆಯುವಂತೆ ನಂಬರಿನ ಮೇಲೆ ತೆಳು ಕಾಗದವಿಟ್ಟು ಮೆತ್ತನೆಯ ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿ. ಅಂಕಿಗಳು ಬಿಳಿಯಾಗಿ ಮೂಡುತ್ತವೆ. ಕಣ್ಣಿಗೆ ಕಾಣದ್ದು ಕಾಗದದಲ್ಲಿ ಕಾಣುತ್ತದೆ. ನಮ್ಮ ಗಾಡಿಯ ಇಂಜಿನ್ ನಂಬರಿನ ಪ್ರಿಂಟ್ ತೆಗೆದಾಗ ಅಂಕಿಗಳ ಸುತ್ತ ಸಣ್ಣ ಅಡ್ಡಗೀರುಗಳು ಬಾಚಣಿಗೆಯ ಹಲ್ಲಿನಂತೆ ಎದ್ದು ಬಂದಿದ್ದವು. ಅರ ಹಾಕಿ ಉಜ್ಜಿದ ಗುರುತು. ನಡುವಿನ ‘3’ ಎಂಬ ಅಂಕಿ ಕೊಂಚ ಎಡಕ್ಕೆ ವಾಲಿತ್ತು, ಉಳಿದವಕ್ಕಿಂತ ಆಳವಾಗಿಯೂ ಇತ್ತು.

ಕಾರ್ಖಾನೆಯಲ್ಲೂ ಅಂಕಿಗಳು ಅಚ್ಚುಕಟ್ಟಾಗಿ ಒಂದೇ ಗೆರೆಯಲ್ಲಿ ಬೀಳುತ್ತಿದ್ದವು ಎಂದೇನಲ್ಲ. ಸುತ್ತಿಗೆಯಿಂದ ಹೊಡೆದ ಅಂಕಿ ಸ್ವಲ್ಪ ಮೇಲೆ ಕೆಳಗೆ ಆಗುವುದು ಸಹಜ. ಆದರೆ ಅಕ್ಷರದ ಆಕಾರ ಬದಲಾಗಬಾರದು. ಸುತ್ತಲಿನ ಲೋಹದ ಮೈ ಎರಕದ ಒರಟುತನ ಕಳೆದುಕೊಂಡು ನುಣುಪಾಗಿರಬಾರದು. ಅಂಕಿಯ ಹಿಂದೆ ಮುಂದೆ ಅಕ್ಷರ, ಗೆರೆ, ನಕ್ಷತ್ರ ಏನಿದ್ದರೂ ಬಿಡದೆ ಬರೆದುಕೊಳ್ಳಿ. ಚೆಕ್ ಗಾಡಿಗಳಲ್ಲಿ ಈ ಮುಂಭಾಗವೇ ಮಾದರಿಯ ಹೆಸರು: 353 ಎಂದು ಶುರುವಾದರೆ ಇನ್ನೂರೈವತ್ತು ಸಿಸಿ, 354 ಎಂದಾದರೆ ಎರಡು ಸಿಲಿಂಡರಿನ ಮುನ್ನೂರೈವತ್ತು. ಈಗಿನ ಗಾಡಿಗಳ ಹದಿನೇಳು ಅಕ್ಷರದ ನಂಬರಿನಲ್ಲಿ ವರ್ಷವೂ ಅಡಗಿರುತ್ತದೆ. ಹಳೆಯದರಲ್ಲಿ ಆ ಸೌಕರ್ಯವಿಲ್ಲ. ಹದಿನೇಳು ಅಕ್ಷರ ಕಂಡರೆ ಅದು ಹಳೆಯ ಗಾಡಿಯೇ ಅಲ್ಲ.

ಕಾಗದಪತ್ರ

ಆರ್‌ಸಿ ಪುಸ್ತಕದಲ್ಲಿ ಜನ ಮೊದಲು ನೋಡುವುದು ನೋಂದಣಿ ದಿನಾಂಕ. ಅದು ಗಾಡಿ ರಸ್ತೆಗಿಳಿದ ದಿನ, ಹುಟ್ಟಿದ ದಿನವಲ್ಲ. ತಯಾರಾದ ವರ್ಷಕ್ಕೆ ಬೇರೆ ಅಂಕಣವಿದೆ. ಎರಡರ ನಡುವೆ ಕೆಲವು ತಿಂಗಳ ಅಂತರ ಸಹಜ. ಆರೇಳು ವರ್ಷವಿದ್ದರೆ ನಡುವೆ ಏನೋ ನಡೆದಿದೆ.

ನಂಬರ್ ಪ್ಲೇಟೂ ಮಾತನಾಡುತ್ತದೆ. ಕೆಎ ಎಂದು ಶುರುವಾಗುವ ಈಗಿನ ಪದ್ಧತಿ ಬಂದದ್ದು 1989ರಲ್ಲಿ. ಅದಕ್ಕೂ ಮೊದಲು ಇದ್ದುದು ಮೂರು ಇಂಗ್ಲಿಷ್ ಅಕ್ಷರ, ಮುಂದೆ ಅಂಕಿಗಳು. ಎಂವೈ ಎಂದು ಶುರುವಾಗುವ ಪ್ಲೇಟ್ ಕಂಡರೆ ಮೈಸೂರು ರಾಜ್ಯದ ವಾಸನೆ ಬರುತ್ತದೆ. ಅರವತ್ತರ ದಶಕದ ಗಾಡಿ ಎನ್ನುತ್ತ ಕೆಎ ನಂಬರು ತೋರಿಸಿದರೆ ಅದು ಬೇರೆ ರಾಜ್ಯದಿಂದ ಬಂದಿರಬೇಕು ಇಲ್ಲವೇ ಮರುನೋಂದಣಿ ಆಗಿರಬೇಕು. ತಪ್ಪೇನಿಲ್ಲ, ಆದರೆ ಹಳೆಯ ನಂಬರು ಯಾವುದೆಂದು ಕೇಳಿ.

ಆರ್‌ಸಿ ಹರಿದು, ಗೆದ್ದಲು ತಿಂದು ಅರ್ಧ ಉಳಿದಿದ್ದರೆ, ಅಥವಾ ನಕಲು ಪ್ರತಿ ಮಾತ್ರ ಇದ್ದರೆ, ನೋಂದಣಿಯಾದ ಸಾರಿಗೆ ಕಚೇರಿಯಲ್ಲಿ ಬಿ ಎಕ್ಸ್‌ಟ್ರಾಕ್ಟ್‌ಗೆ ಅರ್ಜಿ ಹಾಕಿ. ಅವರ ರಿಜಿಸ್ಟರಿನಲ್ಲಿ ಏನಿದೆ ಎಂಬುದು ಅದರಲ್ಲಿ ಬರುತ್ತದೆ: ಚಾಸಿಸ್, ಇಂಜಿನ್ ನಂಬರು, ತಯಾರಕರ ಹೆಸರು, ಮಾಲೀಕರು. ಹಳೆಯ ಗಾಡಿಗಳ ವಿವರ ಎಷ್ಟೋ ಸಲ ಕಂಪ್ಯೂಟರಿಗೆ ಏರಿರುವುದಿಲ್ಲ, ಲೆಡ್ಜರ್ ಹುಡುಕಬೇಕಾಗುತ್ತದೆ. ತಾಳ್ಮೆ ಜೊತೆಗಿರಲಿ, ಮಧ್ಯವರ್ತಿ ಬೇಡ. ತಯಾರಕರ ಹೆಸರಿನ ಅಂಕಣವನ್ನು ಮರೆಯಬೇಡಿ. ಬುಲೆಟ್ ಕೊಳ್ಳುವವರಿಗೂ ಇದು ಉಪಯೋಗ: ಅದನ್ನು ತಯಾರಿಸುವ ಮದರಾಸಿನ ಕಂಪನಿ ಎನ್‌ಫೀಲ್ಡ್ ಇಂಡಿಯಾ ಆಗಿ ಹುಟ್ಟಿದ್ದು 1955ರಲ್ಲಿ, ಐಷರ್ ಸಂಸ್ಥೆಯ ಕೈಗೆ ಹೋಗಿ ಹೆಸರು ಬದಲಾದದ್ದು 1994ರಲ್ಲಿ.

ಬಿಡಿಭಾಗಗಳ ಪಂಚಾಯಿತಿ

ಈಗ ಗಾಡಿಯ ಸುತ್ತ ಕುಳಿತುಕೊಳ್ಳಿ, ನಿಂತು ನೋಡಿದರೆ ಆಗದು. ಕಾರ್ಬುರೇಟರ್ ಮೇಲೆ ‘ಜಿಕೋವ್’ ಎಂದಿದೆಯೇ, ವಿದ್ಯುತ್ ಭಾಗಗಳ ಮೇಲೆ ‘ಪಾಲ್’ ಎಂಬ ಗುರುತಿದೆಯೇ ನೋಡಿ. ಎರಡೂ ಚೆಕೊಸ್ಲೊವಾಕಿಯಾದ ಹೆಸರುಗಳು. ಇಷ್ಟಕ್ಕೇ ‘ಇಂಪೋರ್ಟೆಡ್’ ಎಂದು ಕುಣಿಯಬೇಡಿ. ಮೈಸೂರಿನಲ್ಲಿ ಮೊದಲ ವರ್ಷಗಳ ಗಾಡಿಗಳನ್ನು ಅಲ್ಲಿಂದ ಬಂದ ಭಾಗಗಳಿಂದಲೇ ಜೋಡಿಸುತ್ತಿದ್ದರು. ಸ್ಥಳೀಯ ಭಾಗಗಳ ಪಾಲು ವರ್ಷದಿಂದ ವರ್ಷಕ್ಕೆ ಹೆಚ್ಚಿತು. ಆದ್ದರಿಂದ ಚೆಕ್ ಗುರುತು ಹೆಚ್ಚಿದ್ದಷ್ಟೂ ಗಾಡಿ ಹಳೆಯದಿರಬಹುದು ಎಂಬಷ್ಟೇ ಅರ್ಥ. ಒಂದು ಭಾಗದ ಸಾಕ್ಷ್ಯಕ್ಕೆ ಬೆಲೆ ಕಡಿಮೆ. ಏಕೆಂದರೆ ಅದನ್ನು ಶಿವಾಜಿನಗರದ ಗುಜರಿಯಿಂದ ತಂದು ಹಾಕಿರಬಹುದು. ಹತ್ತು ಭಾಗಗಳು ಒಂದೇ ಮಾತು ಹೇಳಿದರೆ ನಂಬಬಹುದು.

ಚಕ್ರ ಅಳೆಯಿರಿ. ಜಾವಾದ ರಿಮ್ ಹದಿನಾರು ಇಂಚು, 1978ರಿಂದ ಬಂದ ಯೆಜ್ಡಿ ರೋಡ್‌ಕಿಂಗ್‌ದು ಹದಿನೆಂಟು. ಜಾವಾದ ಹೆಡ್‌ಲೈಟು ಮುಂಭಾಗದ ಫೋರ್ಕಿನ ಚಿಪ್ಪಿನೊಳಗೆ ಬೆರೆತುಹೋಗಿರುತ್ತದೆ, ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಓಡುತ್ತದೆ. ರೋಡ್‌ಕಿಂಗ್‌ನ ಹೆಡ್‌ಲೈಟು ಪ್ರತ್ಯೇಕವಾಗಿ ಮುಂದಕ್ಕೆ ಚಾಚಿರುತ್ತದೆ. ಇವೆರಡನ್ನು ಗುರುತಿಸುವುದು ಮಕ್ಕಳಾಟ. ತೊಡಕಿರುವುದು 1973-74ರ ಆಸುಪಾಸಿನ ಗಾಡಿಗಳಲ್ಲಿ. ಕೊನೆಯ ಜಾವಾಗಳೂ ಮೊದಲ ಯೆಜ್ಡಿಗಳೂ ಒಡಹುಟ್ಟಿದವರಂತೆ. ಅಲ್ಲಿ ಕಣ್ಣು ಸೋಲುತ್ತದೆ, ಚಾಸಿಸ್ ನಂಬರು ಮತ್ತು ಆರ್‌ಸಿಯೇ ಗತಿ.

ಸಿಲಿಂಡರ್ ಬಿಚ್ಚುವ ಸಂದರ್ಭ ಬಂದರೆ ಬೋರ್, ಅಂದರೆ ಅದರ ಒಳವ್ಯಾಸ, ಅಳೆಸಿ. ಮೂಲ ಅಳತೆ 65 ಮಿಲಿಮೀಟರ್, ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 75. ಆದರೆ ಈ ಅಳತೆ ಜಾವಾಕ್ಕೂ ಯೆಜ್ಡಿಗೂ ಒಂದೇ, ಅದರಿಂದ ವಯಸ್ಸು ತಿಳಿಯದು. ಸವೆದ ಸಿಲಿಂಡರನ್ನು ಕೊರೆದು ಹಿಗ್ಗಿಸುವ ರಿಬೋರ್ ಎಷ್ಟು ಸಲ ಆಗಿದೆ ಎಂದಷ್ಟೇ ತಿಳಿಯುತ್ತದೆ. ಟೈರ್, ಸೀಟು, ಕೇಬಲ್, ವೈರಿಂಗ್‌ಗಳಿಂದ ಕಾಲ ನಿರ್ಣಯ ಮಾಡಲು ಹೋಗಬೇಡಿ.

ಕೊನೆಗೆ ಒಂದು ಹಾಳೆಯಲ್ಲಿ ಎಡಗಡೆ ಭಾಗದ ಹೆಸರು, ಬಲಗಡೆ ಅದು ಸೂಚಿಸುವ ಕಾಲ ಬರೆಯಿರಿ. ನಮ್ಮದರ ಪಟ್ಟಿ ಹೀಗಿತ್ತು: ಚಾಸಿಸ್ ಅರವತ್ತರ ದಶಕ, ಫೋರ್ಕ್ ಅದೇ ಕಾಲದ್ದು, ಇಂಜಿನ್ ಎಪ್ಪತ್ತರ ನಂತರದ್ದು, ಹಿಂದಿನ ಚಕ್ರ ಯಾವುದೋ ಮೂರನೇ ಗಾಡಿಯದು, ಟ್ಯಾಂಕ್ ಹೋದ ವರ್ಷದ್ದು. ಹಳೆಯ ಬೈಕಿಗೆ ಒಂದೇ ವಯಸ್ಸು ಇರುವುದಿಲ್ಲ. ಯಾರಾದರೂ ಕೇಳಿದರೆ ಚಾಸಿಸ್ಸಿನ ವಯಸ್ಸು ಹೇಳಬೇಕು, ಉಳಿದದ್ದನ್ನು ಮುಚ್ಚಿಡಬಾರದು.

ಇಷ್ಟೆಲ್ಲ ಏಕೆ ಎಂದರೆ

ಕುತೂಹಲ ಒಂದು ಕಾರಣ, ಕಾನೂನು ಇನ್ನೊಂದು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಖಾಸಗಿ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ನಂಬರಿನಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳು ಬರುತ್ತವೆ, ನೋಂದಣಿ ಹತ್ತು ವರ್ಷ ನಡೆಯುತ್ತದೆ. ಹಾಗೆ ನೋಂದಾಯಿಸಿದ ಗಾಡಿಯಲ್ಲಿ ದಿನಾ ಆಫೀಸಿಗೆ ಹೋಗುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ದುರಸ್ತಿ ಇಂಥವಕ್ಕೆ ಮಾತ್ರ ರಸ್ತೆಗಿಳಿಯಬೇಕು. ಗಾಡಿ ಮೂಲ ಸ್ವರೂಪದಲ್ಲಿರಬೇಕು, ಚಾಸಿಸ್ಸಿನಲ್ಲಾಗಲಿ ಇಂಜಿನ್ನಿನಲ್ಲಾಗಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬ ಷರತ್ತೂ ಇದೆ. ಮೈಸೂರಿನ ಜಾವಾಗಳೆಲ್ಲ ಐವತ್ತು ದಾಟಿದವು. ಮೊದಲ ರೋಡ್‌ಕಿಂಗ್‌ಗಳ ಸರದಿ 2028ಕ್ಕೆ. ನಮ್ಮಂಥ ಕಲಸುಮೇಲೋಗರದ ಗಾಡಿಗಳಿಗೆ ಆ ಷರತ್ತು ಕಬ್ಬಿಣದ ಕಡಲೆ.

ಹೀಗಾಗಿ ಬಿ ಎಕ್ಸ್‌ಟ್ರಾಕ್ಟ್‌ನಲ್ಲಿ ಸಿಕ್ಕ ಮೂಲ ಇಂಜಿನ್ ನಂಬರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಗುಜರಿ ಅಂಗಡಿಯಲ್ಲಿ ಜಾವಾ ಇಂಜಿನ್ ಕಂಡಾಗಲೆಲ್ಲ ಚೀಟಿ ತೆಗೆದು, ಎಡಬದಿಯ ಗ್ರೀಸು ಒರೆಸಿ, ಹೋಲಿಸಿ ನೋಡುತ್ತೇನೆ. ಅಂಗಡಿಯವರಿಗೆ ಈಗ ಅಭ್ಯಾಸವಾಗಿದೆ. ನನ್ನನ್ನು ಕಂಡ ಕೂಡಲೇ ಒಂದು ಬಟ್ಟೆ ಚೂರು ಎತ್ತಿ ಕೊಡುತ್ತಾರೆ.